ಗುಲಾಬಿಯ ಬೂದಿರೋಗ ಮತ್ತು ಸಂವರತತ್ತ್ವ

ಪ್ರತಿಯೊಂದು ಕಾರ್ಯಕ್ಕೂ ಉಪಾದಾನ, ನಿಮಿತ್ತ ಎಂಬ ಎರಡು ಕಾರಣಗಳುಂಟೆಂದು ಜೈನದರ್ಶನವು ಹೇಳುತ್ತದೆ. ಮಡಕೆಗೆ ಮಣ್ಣು ಉಪಾದಾನ, ಕುಂಬಾರನು ನಿಮಿತ್ತ. ರೋಗದ ವಿಷಯದಲ್ಲಿ ಲೋಕವು ನಿಮಿತ್ತವನ್ನೇ ದೂಷಿಸುತ್ತದೆ. ಗುಲಾಬಿಯ ಚಿಗುರು, ಮೊಗ್ಗುಗಳ ಮೇಲೆ ಬಿಳಿಯ ಬೂದಿ ಹರಡಿದೊಡನೆ ಶಿಲೀಂಧ್ರವೇ ಶತ್ರುವೆಂದು ಬಗೆದು ಔಷಧಿ ಸಿಂಪಡಿಸುತ್ತಾರೆ. ಗಿಡದೊಳಗಿನ ಉಪಾದಾನವನ್ನು ವಿಚಾರಿಸುವವರು ವಿರಳ.

ಈ ವಿಚಾರಕ್ಕೆ ದಾರಿ ತೋರಿದ್ದು ಬಾರ್ಲಿ ಪೈರು. ಕ್ಷಕಿರಣಗಳ ಪ್ರಯೋಗದಿಂದ ಬೂದಿರೋಗ ತಗುಲದ ತಳಿಯೊಂದು ದೊರೆತುದನ್ನು 1942ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದರು. ಅದರ ಕಾರಣವಾದ ಎಂಎಲ್‌ಒ ಎಂಬ ವಂಶವಾಹಿಯು 1997ರಲ್ಲಿ ಗುರುತಿಸಲ್ಪಟ್ಟಿತು. ಆಶ್ಚರ್ಯವೆಂದರೆ, ಆ ತಳಿಗೆ ಹೊಸ ಆಯುಧವೇನೂ ದೊರೆತಿರಲಿಲ್ಲ. ಇದ್ದ ವಂಶವಾಹಿಯೊಂದು ಕೆಟ್ಟಿತ್ತು, ಅಷ್ಟೆ. ಅದು ಸರಿಯಾಗಿದ್ದಾಗ ಗಿಡದ ರಕ್ಷಣೆಯನ್ನು ತಗ್ಗಿಸಿ ಶಿಲೀಂಧ್ರದ ಪ್ರವೇಶಕ್ಕೆ ಅನುಕೂಲವಾಗುತ್ತದೆ. ಕೆಟ್ಟಾಗ ಜೀವಕೋಶದ ಭಿತ್ತಿಯು ಪ್ರವೇಶಸ್ಥಾನದಲ್ಲಿಯೇ ದಪ್ಪವಾಗಿ ತಡೆಯೊಡ್ಡುತ್ತದೆ. ಇದೇ ಕುಲದ ವಂಶವಾಹಿಗಳು ಗುಲಾಬಿ, ಪೆಟೂನಿಯಾಗಳಲ್ಲಿಯೂ ಇವೆ. ಅವುಗಳಲ್ಲಿ ಕೆಲವನ್ನು ನಿಶ್ಚೇಷ್ಟಗೊಳಿಸಿದಾಗ ಬೂದಿರೋಗ ತಗ್ಗಿದುದು ಪ್ರಯೋಗಗಳಿಂದ ತಿಳಿದಿದೆ.

ಇದನ್ನು ಓದುವ ಶ್ರಾವಕನಿಗೆ ಆಸ್ರವ, ಸಂವರಗಳು ನೆನಪಾಗದಿರವು. ಒಳಬಂದುದನ್ನು ಉದುರಿಸುವುದಕ್ಕಿಂತ ಮೊದಲು ಬರುವ ಬಾಗಿಲನ್ನು ಮುಚ್ಚಬೇಕು. ಆದರೆ ಹೋಲಿಕೆಯನ್ನು ಹೋಲಿಕೆಯಾಗಿಯೇ ಇಡಬೇಕು. ವಂಶವಾಹಿಯು ಶರೀರದ ಪುದ್ಗಲ. ಅದನ್ನು ಕರ್ಮವೆಂದು ಕರೆಯುವುದು ಸಿದ್ಧಾಂತಕ್ಕೂ ವಿಜ್ಞಾನಕ್ಕೂ ಅಪಚಾರ.

ಇನ್ನು ಹಿಂಸೆಯ ಪ್ರಶ್ನೆ. ಗಿಡವು ಏಕೇಂದ್ರಿಯ ಜೀವ. ಬೂಷ್ಟು ಹಿಡಿದ ಆಹಾರವನ್ನು ವರ್ಜಿಸುವ ಶ್ರಾವಕನಿಗೆ ಶಿಲೀಂಧ್ರವೂ ನಿರ್ಜೀವವಲ್ಲ. ಬೂದಿರೋಗದ ಶಿಲೀಂಧ್ರಕ್ಕೆ ಜೀವಂತ ಗಿಡವೇ ಆಹಾರವಾದ್ದರಿಂದ, ಬಾಗಿಲು ಮುಚ್ಚಿದರೂ ಅದು ಸಾಯುವುದಲ್ಲವೇ ಎಂದು ಕೇಳಬಹುದು. ಸಾಯುವುದು ನಿಜ. ಆದರೆ ಪ್ರಮಾದದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂಬುದು ಆಗಮಸಮ್ಮತ ಲಕ್ಷಣ. ಕೊಲ್ಲಲೆಂದೇ ವಿಷವನ್ನು ಮತ್ತೆ ಮತ್ತೆ ಎರಚುವವನ ಭಾವವೂ, ರೋಗ ತಗುಲದ ಸಸಿಯನ್ನು ಆರಿಸಿ ನೆಡುವವನ ಭಾವವೂ ಒಂದೇ ಅಲ್ಲ. ವಿಷವು ಎಲೆಯ ಮೇಲಿನ ಶಿಲೀಂಧ್ರವೊಂದನ್ನೇ ಮುಟ್ಟಿ ನಿಲ್ಲುವುದೂ ಇಲ್ಲ.

ಆದರೂ ಸಮಾಧಾನಪಟ್ಟುಕೊಳ್ಳಲು ಅವಸರ ಬೇಡ. ಎಂಎಲ್‌ಒ ಕೆಟ್ಟ ಬಾರ್ಲಿಯ ಎಲೆಗಳಲ್ಲಿ ರೋಗವಿಲ್ಲದೆಯೂ ಕಲೆಗಳು ಮೂಡುವುದುಂಟು. ಬೇರೆ ಕೆಲವು ಶಿಲೀಂಧ್ರಗಳಿಗೆ ಅದು ಹೆಚ್ಚು ಸುಲಭವಾಗಿ ತುತ್ತಾಗುತ್ತದೆ. ಒಂದು ನಯದಿಂದ ಗುಣವಾದುದು ಮತ್ತೊಂದು ನಯದಿಂದ ದೋಷ. ಮೇಲಾಗಿ, ಅನ್ನದ ಪೈರಿಗೆ ಹೇಳುವ ನ್ಯಾಯವು ಅಲಂಕಾರದ ಹೂವಿಗೆ ಸಲ್ಲದು. ಕೃಷಿಕನ ಉದ್ಯೋಗಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದು. ಒಂದು ದಿನದ ಶೋಭೆಗಾಗಿ ವಿಷವೆರಚುವುದು ಅನರ್ಥದಂಡದ ಗಡಿಯಲ್ಲಿದೆ. ಬಣ್ಣ, ಆಕಾರಗಳ ಮೋಹದಿಂದ ತಳಿ ಆರಿಸಿ, ರೋಗನಿರೋಧವನ್ನು ಕಡೆಗಣಿಸಿ, ದುರ್ಬಲ ಗಿಡಗಳನ್ನು ಬೆಳೆಸಿದವನು ಮನುಷ್ಯನೇ ಅಲ್ಲವೇ? ಅಲ್ಲಿ ಅವನ ರಾಗವೂ ಒಂದು ನಿಮಿತ್ತ.

ಆದುದರಿಂದ ಹೂ ಬೆಳೆಯುವ, ಮಾರುವ, ಕೊಳ್ಳುವ ಶ್ರಾವಕನು ರೋಗಸಹಿಷ್ಣು ತಳಿಯನ್ನು ಆರಿಸುವುದು ಉಚಿತ. ಅದಕ್ಕೂ ಮೊದಲು, ಇಷ್ಟು ಹೂ ತನಗೆ ಬೇಕೇ ಎಂದು ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು ಶ್ರೇಯಸ್ಕರ. ಗಿಡದ ಬಾಗಿಲನ್ನು ವಿಜ್ಞಾನಿ ಮುಚ್ಚಬಲ್ಲನು. ಆಸೆಯ ಬಾಗಿಲನ್ನು ಅವರವರೇ ಮುಚ್ಚಿಕೊಳ್ಳಬೇಕು.