ಕಣ್ಕಟ್ಟು ಮತ್ತು ಕಂಡ ಕಣ್ಣು

ಇಂದ್ರಜಾಲದ ಆಟಕ್ಕೆ ಕನ್ನಡದಲ್ಲಿ ಕಣ್ಕಟ್ಟು, ಕೈಚಳಕ, ಗಾರುಡಿ, ಮೋಡಿ ಎಂಬ ಹಲವು ಹೆಸರುಗಳುಂಟು. ಆಟದ ಅರ್ಧ ಗುಟ್ಟು ಈ ಹೆಸರುಗಳಲ್ಲಿಯೇ ಇದೆ. ಚಳಕವಿರುವುದು ಆಡುವವನ ಕೈಯಲ್ಲಿ, ಕಟ್ಟು ಬೀಳುವುದು ನೋಡುವವನ ಕಣ್ಣಿಗೆ. ಆದರೆ ಕಟ್ಟು ಬೀಳದ ಕಣ್ಣೊಂದು ಸಭೆಯಲ್ಲಿದ್ದು, ಅದು ಮಗುವಿನ ಕಣ್ಣಾಗಿದ್ದರೆ ಆಗ ಹಿರಿಯರು ನಡೆದುಕೊಳ್ಳಬೇಕಾದ ಬಗೆ ಯಾವುದು?

ಶಾಲೆಯ ವಾರ್ಷಿಕೋತ್ಸವ, ಮಕ್ಕಳ ಬೇಸಿಗೆ ಶಿಬಿರ, ಬಸದಿಯ ಸಭಾಭವನದಲ್ಲಿ ಏರ್ಪಡುವ ಮನರಂಜನಾ ಕಾರ್ಯಕ್ರಮ, ಎಲ್ಲೆಡೆಯೂ ಈ ಪ್ರಸಂಗ ಒಂದಲ್ಲ ಒಂದು ಸಲ ನಡೆಯುತ್ತದೆ. ಜಾದೂಗಾರನು ನಾಣ್ಯವನ್ನು ಮಾಯಮಾಡಿ ಮುಷ್ಟಿ ಬಿಚ್ಚಿ ತೋರಿಸುವಷ್ಟರಲ್ಲಿ ಮುಂದಿನ ಸಾಲಿನಿಂದ, "ಆ ಕೈಯಲ್ಲೇ ಇದೆ, ನಾನು ನೋಡಿದೆ!" ಎಂಬ ದನಿ ಏಳುತ್ತದೆ. ಸಭೆ ನಗುತ್ತದೆ. ಜಾದೂಗಾರನ ಮುಖ ಕಂದುತ್ತದೆ. ತಾಯಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಗಳಿಗೆಯಲ್ಲಿ ಮುಗಿದುಹೋಗುವ ಈ ಸಂಗತಿ ಕ್ಷುಲ್ಲಕವೆಂದು ತೋರಬಹುದು. ಆದರೆ ಮಗು ನುಡಿದದ್ದು ಸತ್ಯ. ಅದನ್ನು ಅಡಗಿಸಿದವರು ಸತ್ಯವನ್ನೇ ನುಡಿಯಬೇಕೆಂದು ಅದಕ್ಕೆ ಪ್ರತಿದಿನ ಕಲಿಸುತ್ತಿರುವ ಹಿರಿಯರು. ಆದುದರಿಂದ ಇದು ವಿಚಾರಣೀಯವಾದ ವಿಷಯ.

ಮೊದಲು ಜಾದೂಗಾರನ ವೃತ್ತಿಯೇ ಅಸತ್ಯವೇ ಎಂಬುದನ್ನು ನೋಡಬೇಕು. ಇಲ್ಲದ್ದನ್ನು ಇದೆಯೆಂದು ತೋರಿಸುವುದಷ್ಟೇ ಅಸತ್ಯವಾಗಿದ್ದರೆ ಅವನಷ್ಟು ದೊಡ್ಡ ಅಸತ್ಯವಾದಿ ಬೇರೊಬ್ಬನಿರಲಾರ. ಆದರೆ ರಾಜನ ವೇಷ ಧರಿಸಿದ ನಟನನ್ನು ಯಾರೂ ಸುಳ್ಳುಗಾರನೆಂದು ಕರೆಯುವುದಿಲ್ಲ. ತಾನು ಜಾದೂಗಾರನೆಂದು ಹೇಳಿಕೊಂಡು ವೇದಿಕೆ ಏರಿದವನು, "ನಾನು ನಿಮ್ಮ ಕಣ್ಣನ್ನು ವಂಚಿಸಲಿದ್ದೇನೆ" ಎಂಬ ಸತ್ಯವನ್ನು ಮೊದಲೇ ಒಪ್ಪಿಕೊಂಡಿದ್ದಾನೆ. ನೋಡುವವರೂ ಅದಕ್ಕೆ ಸಮ್ಮತಿಸಿಯೇ ಕುಳಿತಿದ್ದಾರೆ. ಈ ಸಮ್ಮತಿ ಇರುವವರೆಗೆ ಅದು ಕಲೆ. ಸಮ್ಮತಿ ತಪ್ಪಿದೊಡನೆ ಅದೇ ಕ್ರಿಯೆಯ ಸ್ವರೂಪ ಬೇರೆಯಾಗುತ್ತದೆ.

ಇದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯುಂಟು. ಬಂಗಾಳದ ಸುವಿಖ್ಯಾತ ಜಾದೂಗಾರ ಪಿ. ಸಿ. ಸರ್ಕಾರ್ ಅವರು 1956ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ಬಿ.ಬಿ.ಸಿ. ದೂರದರ್ಶನದ 'ಪನೋರಮಾ' ಕಾರ್ಯಕ್ರಮದಲ್ಲಿ ಯುವತಿಯೊಬ್ಬಳನ್ನು ಗರಗಸದಿಂದ ಎರಡಾಗಿ ಕತ್ತರಿಸುವ ಆಟವನ್ನು ಪ್ರದರ್ಶಿಸಿದರು. ಆಟದ ಕೊನೆಯಲ್ಲಿ ಆಕೆ ಎಚ್ಚರಗೊಳ್ಳದಂತೆ ಕಂಡಳು. ಅಷ್ಟರಲ್ಲಿ ಕಾರ್ಯಕ್ರಮ ಥಟ್ಟನೆ ಮುಗಿಯಿತು. ಆಕೆ ಸತ್ತಳೆಂದೇ ಭಾವಿಸಿದ ವೀಕ್ಷಕರ ಕರೆಗಳಿಂದ ಬಿ.ಬಿ.ಸಿ.ಯ ದೂರವಾಣಿಗಳು ತುಂಬಿಹೋದವು. ಆಕೆಗೆ ಯಾವ ಅಪಾಯವೂ ಆಗಿರಲಿಲ್ಲ. ಹಾಗೆ ಕರೆ ಮಾಡಿದವರು ಮಕ್ಕಳಲ್ಲ, ವಯಸ್ಕರು. ಆಟ ಆಟವೆಂಬ ಭರವಸೆ ಕ್ಷಣಕಾಲ ಸಡಿಲವಾದರೂ ಸಾಕು, ವಿಸ್ಮಯವಿದ್ದ ಕಡೆ ಭಯ ಬಂದು ಕೂರುತ್ತದೆ.

ವಯಸ್ಕರ ಪಾಡೇ ಹೀಗಿದ್ದರೆ ಮಕ್ಕಳದು ಇನ್ನೂ ಸೂಕ್ಷ್ಮ. ಆಗದ್ದು ಯಾವುದೆಂದು ಇನ್ನೂ ತಿಳಿಯದ ಕೂಸಿಗೆ ಆದದ್ದು ಯಾವುದೂ ಅಚ್ಚರಿಯಲ್ಲ. ಟೋಪಿಯಿಂದ ಮೊಲ ಬರುವುದೂ ಪೆಟ್ಟಿಗೆಯಿಂದ ಧ್ವನಿ ಬರುವುದೂ ಅದಕ್ಕೆ ಒಂದೇ. ಶಾಲೆಗೆ ಹೋಗುವ ವಯಸ್ಸು ಬಂದಾಗ ಜಗತ್ತಿಗೊಂದು ನಿಯಮವಿದೆಯೆಂಬ ಅರಿವು ಮೂಡುತ್ತದೆ. ನಿಯಮ ಮುರಿದಂತೆ ಕಂಡಾಗ, ಹೇಗಾಯಿತೆಂದು ಹುಡುಕುವ ಹಂಬಲ ಮಗುವಿನಲ್ಲಿ ಹುಟ್ಟುತ್ತದೆ. ಜಾದೂಗಾರನು ತನ್ನ ದೃಷ್ಟಿಯಿಂದಲೇ ಸಭೆಯ ದೃಷ್ಟಿಯನ್ನು ನಡೆಸುವವನು. ಅವನು ಬರಿಯ ಮುಷ್ಟಿಯನ್ನು ನೋಡಿದರೆ ಹಿರಿಯರೂ ಸಭ್ಯತೆಯಿಂದ ಅದನ್ನೇ ನೋಡುತ್ತಾರೆ. ಮಗುವಿಗೆ ಈ ಸಭ್ಯತೆಯ ಹಂಗಿಲ್ಲ. ಅದು ತನಗೆ ಬೇಕಾದ ಕಡೆ ನೋಡುತ್ತದೆ. ಜೊತೆಗೆ ಮಕ್ಕಳು ಜಮಖಾನದ ಮೇಲೆ, ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಕೆಳಗೆ ಕುಳಿತಿರುತ್ತಾರೆ. ಕುರ್ಚಿಯಲ್ಲಿ ಕುಳಿತವರಿಗೆ ಕಾಣದ ಅಂಗೈಯ ಮಡಿಕೆ ಕೆಳಗಿನಿಂದ ನೋಡುವವರಿಗೆ ಕಾಣುತ್ತದೆ. ಆದುದರಿಂದ ಗುಟ್ಟು ಕಂಡ ಮಗು ತುಂಟನೆಂದೋ ಅಧಿಕಪ್ರಸಂಗಿಯೆಂದೋ ಭಾವಿಸುವುದಕ್ಕೆ ಆಧಾರವಿಲ್ಲ. ಅದು ನೋಡಿದೆ, ಕಂಡದ್ದನ್ನು ಹೇಳಿದೆ, ಅಷ್ಟೆ.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಮೊದಲನೆಯದು ಗದರಿಕೆ. ಇದರಿಂದ ಮಗು ಸುಮ್ಮನಾಗುತ್ತದೆ. ಆದರೆ ನಿಜ ಹೇಳಿದ್ದಕ್ಕೆ ಶಿಕ್ಷೆಯಾಯಿತೆಂದು ಗ್ರಹಿಸುತ್ತದೆ. ಎರಡನೆಯದು ಪರಿಹಾಸ. "ಬಾಪ್ಪ ದೊಡ್ಡ ಜಾದೂಗಾರ, ನೀನೇ ಮಾಡಿ ತೋರಿಸು" ಎಂದು ವೇದಿಕೆಗೆ ಕರೆದು, ಮಗು ತಡವರಿಸುವಾಗ ಇಡೀ ಸಭೆಯನ್ನು ನಗಿಸುವುದು. ಇದು ಗದರಿಕೆಗಿಂತ ಕ್ರೂರ. ಏಕೆಂದರೆ ಒಬ್ಬರ ಕೋಪವನ್ನು ಮಗು ಮರೆಯಬಲ್ಲದು, ಇನ್ನೂರು ಜನರ ನಗೆಯನ್ನು ಮರೆಯಲಾರದು.

ಮೂರನೆಯದು ನಿರಾಕರಣೆ. "ಇಲ್ಲ ಮರಿ, ನೀನು ತಪ್ಪು ನೋಡಿದೆ, ಅಲ್ಲಿ ಏನೂ ಇರಲಿಲ್ಲ" ಎಂದು ನಯವಾಗಿ ಹೇಳಿ, ಅಷ್ಟರೊಳಗೆ ವಸ್ತುವನ್ನು ಬೇರೆಡೆಗೆ ಸಾಗಿಸಿ ಬರಿಗೈ ತೋರಿಸುವುದು. ಹೊರನೋಟಕ್ಕೆ ಇದು ಮೂರರಲ್ಲಿ ಅತ್ಯಂತ ಸೌಮ್ಯವಾದದ್ದು, ಅತ್ಯಂತ ಜಾಣ್ಮೆಯದು. ವಿಚಾರಿಸಿದರೆ ಅತ್ಯಂತ ದೋಷಯುಕ್ತವಾದದ್ದು. ಜಾದೂಗಾರನಿಗೆ ಸಭೆ ಕೊಟ್ಟ ಸಮ್ಮತಿ ಕಣ್ಣನ್ನು ವಂಚಿಸುವುದಕ್ಕೆ. ಕಣ್ಣು ವಂಚಿತವಾಗದೆ ಉಳಿದಾಗ, ಕಂಡವನು ತನ್ನ ಅರಿವನ್ನೇ ಸಂಶಯಿಸುವಂತೆ ಮಾಡುವುದಕ್ಕೆ ಯಾರೂ ಸಮ್ಮತಿ ಕೊಟ್ಟಿಲ್ಲ. ಕೈಯ ಚಳಕ ಆಟದ ಒಳಗಿನದು. ಈ ಮಾತು ಆಟದ ಹೊರಗೆ ನಿಂತು ಮಗುವಿಗೆ ಕೊಟ್ಟ ಸುಳ್ಳು ಸಾಕ್ಷ್ಯ. ಪಕ್ಕದಲ್ಲಿ ಕುಳಿತ ತಂದೆಯೂ ತಾಯಿಯೂ "ಹೌದು, ಏನೂ ಇರಲಿಲ್ಲ" ಎಂದು ದನಿಗೂಡಿಸಿದರಂತೂ ಮಗುವಿಗೆ ಉಳಿಯುವುದು ಎರಡೇ ದಾರಿ: ತನ್ನ ಕಣ್ಣನ್ನು ನಂಬದಿರುವುದು, ಇಲ್ಲವೆ ಹಿರಿಯರನ್ನು ನಂಬದಿರುವುದು. ಅರ್ಧ ಗಂಟೆಯ ಮನರಂಜನೆಗೆ ಇದು ತೀರ ಹೆಚ್ಚಿನ ಬೆಲೆ.

ಹಾಗಾದರೆ ಮಗು ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿರಲೆಂದು ಬಿಡಬೇಕೆ? ಅದೂ ಸಲ್ಲದು. ಅದೇ ಸಾಲಿನಲ್ಲಿ ಕುಳಿತ ಇತರ ಮಕ್ಕಳು ವಿಸ್ಮಯಪಡಲು ಬಂದವರು. ಅವರ ಪಾಲಿನ ಸಂತೋಷವನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಜಾದೂಗಾರನಿಗೆ ಗುಟ್ಟೇ ಜೀವನೋಪಾಯ. ಲಂಡನ್ನಿನಲ್ಲಿ 1905ರಲ್ಲಿ ಸ್ಥಾಪಿತವಾದ 'ಮ್ಯಾಜಿಕ್ ಸರ್ಕಲ್' ಎಂಬ ಜಾದೂಗಾರರ ಸಂಘ ಗುಟ್ಟನ್ನು ಬಯಲು ಮಾಡದಿರುವುದನ್ನೇ ತನ್ನ ಧ್ಯೇಯವಾಕ್ಯವಾಗಿ ಇರಿಸಿಕೊಂಡಿದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಚಳಕ ಒಂದು ಕೂಗಿನಿಂದ ವ್ಯರ್ಥವಾದಾಗ ಆಗುವ ನೋವು ಸಣ್ಣದಲ್ಲ.

ಜೈನ ಶ್ರಾವಕಾಚಾರದಲ್ಲಿ ಈ ಸೂಕ್ಷ್ಮವನ್ನು ಬಹು ಹಿಂದೆಯೇ ಗುರುತಿಸಲಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ 'ಸಾಕಾರಮಂತ್ರಭೇದ' ಒಂದು. ಸಂದರ್ಭದಿಂದಲೋ ಕೈಕಾಲುಗಳ ಚಲನೆಯಿಂದಲೋ ಹುಬ್ಬಿನ ಅಲುಗಾಟದಿಂದಲೋ ಇನ್ನೊಬ್ಬರ ಮನಸ್ಸಿನ ಅಭಿಪ್ರಾಯವನ್ನು ಊಹಿಸಿ, ಅಸೂಯೆ ಮೊದಲಾದ ಕಾರಣಗಳಿಂದ ಅದನ್ನು ಬಯಲು ಮಾಡುವುದು ಸಾಕಾರಮಂತ್ರಭೇದವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಲ್ಲಿ ಬಯಲಾದ ಮಾತು ಸುಳ್ಳೆಂದು ಹೇಳಿಲ್ಲ; ಅದು ನಿಜವಾಗಿರಬಹುದು. ಆದರೂ ಅದನ್ನು ಸತ್ಯವ್ರತದ ದೋಷಗಳಲ್ಲಿ ಎಣಿಸಲಾಗಿದೆ. ಗಮನಿಸಬೇಕಾದುದು 'ಅಸೂಯೆ ಮೊದಲಾದ ಕಾರಣಗಳಿಂದ' ಎಂಬ ವಿಶೇಷಣ. ದೋಷವಿರುವುದು ಕಂಡದ್ದರಲ್ಲಿ ಅಲ್ಲ, ಹೇಳಿದ್ದರಲ್ಲಿಯೂ ಅಲ್ಲ, ಹೇಳಲು ಪ್ರೇರಿಸಿದ ಭಾವದಲ್ಲಿ.

ಈ ಅಳತೆಗೋಲಿನಿಂದ ನೋಡಿದರೆ ಕೂಗುವ ಮಕ್ಕಳೆಲ್ಲ ಒಂದೇ ಬಗೆಯವರಲ್ಲವೆಂದು ತಿಳಿಯುತ್ತದೆ. ಕಂಡುಹಿಡಿದ ಹರ್ಷ ತಡೆಯಲಾರದೆ ಕೂಗಿದ ಮಗುವಿನಲ್ಲಿ ದೋಷವಿಲ್ಲ. ಅದಕ್ಕೆ ಬೇಕಾದುದು ಸಂಯಮದ ಪಾಠ. ಜಾದೂಗಾರನನ್ನು ಸೋಲಿಸಿ ತಾನು ಮೆರೆಯಬೇಕೆಂದು ಆಟದಿಂದ ಆಟಕ್ಕೆ ಕೂಗುತ್ತಿರುವ ಮಗುವಿನಲ್ಲಿ ಮಾನಕಷಾಯದ ಮೊಳಕೆ ಇದೆ. ಅದನ್ನು ಪ್ರೀತಿಯಿಂದಲೇ ಚಿವುಟಬೇಕು. ಇನ್ನೂ ಒಂದು ಬಗೆಯ ಮಗುವುಂಟು. "ಅಮ್ಮ, ಆ ಪಾರಿವಾಳವನ್ನು ಅವರು ಕೋಟಿನೊಳಗೆ ತುರುಕಿದ್ದಾರೆ, ಅದಕ್ಕೆ ಉಸಿರು ಕಟ್ಟುವುದಿಲ್ಲವೇ?" ಎಂದು ಕೇಳುವ ಮಗು. ಇದು ಗುಟ್ಟನ್ನು ಒಡೆದ ಮಾತಲ್ಲ, ಜೀವದಯೆಯ ಮಾತು. ಇದನ್ನು ಆಟ ಕೆಡುತ್ತದೆಂಬ ಕಾರಣಕ್ಕೆ ಅಡಗಿಸಿದವರು ಪುಸ್ತಕದಲ್ಲಿ ಎಷ್ಟು ಅಹಿಂಸೆ ಕಲಿಸಿದರೂ ಪ್ರಯೋಜನವಿಲ್ಲ. ಉತ್ತರ ಕೊಡಬೇಕಾದವರು ಹಿರಿಯರು ಮತ್ತು ಸಂಘಟಕರು; ಉತ್ತಮವಾದುದೆಂದರೆ ಪ್ರಾಣಿಪಕ್ಷಿಗಳನ್ನು ಬಳಸದ ಆಟಗಳನ್ನೇ ಮೊದಲಿಗೆ ಗೊತ್ತುಮಾಡಿಕೊಳ್ಳುವುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗುಟ್ಟು ಕಂಡರೂ ಸುಮ್ಮನಿರೆಂದು ಇಂದು ಕಲಿಸಿದರೆ, ನಾಳೆ ದೊಡ್ಡ ವಂಚನೆ ಕಂಡಾಗಲೂ ಮಗು ಸುಮ್ಮನಿರುವುದಿಲ್ಲವೇ? ಆಕ್ಷೇಪ ನ್ಯಾಯವಾದುದೇ. ಕೈಚಳಕವನ್ನು ದೈವಶಕ್ತಿಯೆಂದು ಹೇಳಿ ಮುಗ್ಧರಿಂದ ಹಣ ಕೀಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಗುಟ್ಟು ಒಡೆಯುವುದೇ ಧರ್ಮವಾದ ಸಂದರ್ಭಗಳೂ ಇವೆ. ಮಾಟಗಾತಿಯರೆಂಬ ಹೆಸರಿನಲ್ಲಿ ಬಡ ಹೆಂಗಸರನ್ನು ಗಲ್ಲಿಗೇರಿಸುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಜಾದೂಗಾರರ ಚಳಕಗಳನ್ನು ಬಿಡಿಸಿ ತೋರಿಸಿದನು. ಅಚ್ಚರಿಯೆಲ್ಲ ಮಾಟವಲ್ಲವೆಂದು ಜನರಿಗೆ ಮನಗಾಣಿಸುವುದು ಅವನ ಉದ್ದೇಶವಾಗಿತ್ತು. ಕರ್ನಾಟಕದಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಇವರಿಗಿಂತ ಬಹು ಶತಮಾನಗಳ ಹಿಂದೆಯೇ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವುದು ಇದೇ ವಿಚಾರದಿಂದ. ದೇವತೆಗಳ ಆಗಮನ, ಆಕಾಶಗಮನ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುತ್ತವೆ. ಆದುದರಿಂದ ಅಷ್ಟರಿಂದಲೇ ಯಾರೂ ಪೂಜ್ಯರಾಗಲಾರರು ಎಂಬುದು ಅಲ್ಲಿನ ತಾತ್ಪರ್ಯ. ತಾವು ಆರಾಧಿಸುವ ಭಗವಂತನನ್ನೇ ಸಂಬೋಧಿಸಿ ಹೀಗೆ ಪರೀಕ್ಷೆಗೆ ತೊಡಗಿದ ಆಚಾರ್ಯರ ಪರಂಪರೆಯಲ್ಲಿ ಬೆಳೆದವರು, ಪರೀಕ್ಷಿಸಿ ನೋಡಿದ ಮಗುವನ್ನು ಗದರುವುದು ಶೋಭಿಸದು.

ಹಾಗೆಂದು ಎರಡು ಸಂದರ್ಭಗಳನ್ನೂ ಒಂದೇ ಎನ್ನಲಾಗದು. ಅವುಗಳನ್ನು ಬೇರ್ಪಡಿಸುವ ಪ್ರಶ್ನೆ ಸರಳವಾದುದು. ಅದನ್ನು ಮಗುವಿಗೂ ಕಲಿಸಬಹುದು: ಈ ಗುಟ್ಟು ಗುಟ್ಟಾಗಿಯೇ ಉಳಿದರೆ ಯಾರಿಗೆ ಕೇಡಾಗುತ್ತದೆ? ವೇದಿಕೆಯ ಜಾದೂವಿನಲ್ಲಿ ಯಾರಿಗೂ ಕೇಡಿಲ್ಲ. ಅಲ್ಲಿ ಮೌನವು ಸೌಜನ್ಯ. ಮೋಸದಲ್ಲಿ ಯಾರೋ ಒಬ್ಬರು ಹಣವನ್ನೋ ಆರೋಗ್ಯವನ್ನೋ ಮಾನವನ್ನೋ ಕಳೆದುಕೊಳ್ಳುತ್ತಾರೆ. ಅಲ್ಲಿ ಮೌನವು ಪಾಲುಗಾರಿಕೆ. ಸುಮ್ಮನಿರು ಎಂದಷ್ಟೇ ಕೇಳಿದ ಮಗು ಅಂಜುಬುರುಕನಾಗಬಹುದು. ಯಾವಾಗ ಸುಮ್ಮನಿರಬೇಕು, ಯಾವಾಗ ಸುಮ್ಮನಿರಬಾರದು ಎಂದು ಕೇಳಿದ ಮಗು ವಿವೇಕಿಯಾಗುತ್ತದೆ.

ಇನ್ನು ಆಚರಣೆಯ ಮಾತು. ಅನುಭವಿ ಜಾದೂಗಾರರು ಕಂಡ ಮಗುವನ್ನು ವೈರಿಯಾಗಿಸದೆ ಮಿತ್ರನಾಗಿಸಿಕೊಳ್ಳುತ್ತಾರೆ. "ನಿನ್ನ ಕಣ್ಣು ಬಹಳ ಚುರುಕು ಪುಟ್ಟಾ. ಇದು ಈಗ ನಮ್ಮಿಬ್ಬರ ಗುಟ್ಟು, ಆಟ ಮುಗಿಯುವವರೆಗೆ ಕಾಪಾಡುತ್ತೀಯಾ?" ಎಂಬ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ಮಗುವಿಗೆ ಅವಮಾನವಿಲ್ಲ, ಸಭೆಗೆ ರಸಭಂಗವಿಲ್ಲ. ಅದನ್ನೇ ಮುಂದಿನ ಆಟಕ್ಕೆ ಸಹಾಯಕನಾಗಿ ಕರೆದರೆ ಚುರುಕು ಕಣ್ಣಿಗೆ ಗೌರವದ ಕೆಲಸವೂ ಸಿಕ್ಕಂತಾಯಿತು. ಕೆಲವು ಆಟಗಳ ರಚನೆಯೇ ಮಕ್ಕಳ ಕೂಗನ್ನು ಬಯಸುತ್ತದೆ. ಎರಡು ಮನೆಗಳುಳ್ಳ ಮರದ ಪೆಟ್ಟಿಗೆಯಲ್ಲಿ ದೊಡ್ಡ ದಾಳವನ್ನಿಟ್ಟು, ಪೆಟ್ಟಿಗೆಯನ್ನು ವಾಲಿಸಿ ಒಂದು ಬಾಗಿಲು ತೆರೆದು "ದಾಳ ಮಾಯ" ಎನ್ನುತ್ತಾರೆ. ದಾಳ ಪಕ್ಕದ ಮನೆಗೆ ಜಾರಿದ ಸದ್ದು ಎಲ್ಲರಿಗೂ ಕೇಳಿಸಿರುತ್ತದೆ. ಮಕ್ಕಳೆಲ್ಲ "ಆ ಕಡೆ ಇದೆ" ಎಂದು ಕೂಗುತ್ತಾರೆ. ಕೊನೆಗೆ ಎಲ್ಲ ಬಾಗಿಲುಗಳನ್ನೂ ತೆರೆದಾಗ ಪೆಟ್ಟಿಗೆ ಬರಿದಾಗಿ, ದಾಳ ಟೋಪಿಯೊಳಗಿಂದ ಹೊರಬರುತ್ತದೆ. ಇಲ್ಲಿ ಎಲ್ಲರೂ ಒಟ್ಟಿಗೆ ಸೋತು ಒಟ್ಟಿಗೆ ನಗುತ್ತಾರೆ; ಒಂದು ಮಗುವನ್ನು ಗುರಿಯಾಗಿಸಿ ನಕ್ಕಂತಾಗುವುದಿಲ್ಲ.

ತಂದೆತಾಯಿಯರ ಕರ್ತವ್ಯ ಆಟ ಮುಗಿದ ಮೇಲೆ ಆರಂಭವಾಗುತ್ತದೆ. ಮನೆಯ ದಾರಿಯಲ್ಲಿ "ನೀನು ಕಂಡದ್ದು ನಿಜ" ಎಂದು ಮೊದಲು ಹೇಳಬೇಕು. ಬಳಿಕ, "ಪಕ್ಕದಲ್ಲಿದ್ದ ಮಗುವಿಗೆ ಅದು ಕಂಡಿರಲಿಲ್ಲ, ಅದರ ಸಂತೋಷ ಏನಾಯಿತು?" ಎಂದು ಕೇಳಬೇಕು. ಈ ಕ್ರಮ ಹಿಂದುಮುಂದಾಗಬಾರದು. ತನ್ನ ಸತ್ಯಕ್ಕೆ ಮನ್ನಣೆ ದೊರೆತ ಮಗು ಮಾತ್ರ ಇನ್ನೊಬ್ಬರ ಮನಸ್ಸನ್ನು ಕುರಿತು ಆಲೋಚಿಸಬಲ್ಲದು. ಬಸದಿಗಳ ಟ್ರಸ್ಟಿನವರೂ ಶಿಬಿರಗಳ ಸಂಚಾಲಕರೂ ಜಾದೂಗಾರನನ್ನು ಗೊತ್ತುಮಾಡುವಾಗಲೇ ಮಕ್ಕಳನ್ನು ಗೇಲಿ ಮಾಡಬಾರದೆಂಬುದನ್ನು ತಿಳಿಸುವುದು ಒಳ್ಳೆಯದು. ವೇದಿಕೆಗೂ ಮುಂದಿನ ಸಾಲಿಗೂ ತುಸು ಹೆಚ್ಚು ಅಂತರವಿಟ್ಟರೆ ಅರ್ಧ ಸಮಸ್ಯೆ ತಾನಾಗಿ ಪರಿಹಾರವಾಗುತ್ತದೆ. ಆಟದ ಮೊದಲು ಹಿರಿಯರೊಬ್ಬರು ಎದ್ದು ನಿಂತು, ಇದು ಕೈಚಳಕ, ಇದರಲ್ಲಿ ಮಂತ್ರವಿಲ್ಲ, ಗುಟ್ಟು ಕಂಡವರು ಕೊನೆಯಲ್ಲಿ ಜಾದೂಗಾರರ ಬಳಿ ಬಂದು ಕಿವಿಯಲ್ಲಿ ಹೇಳಬಹುದು ಎಂದರೆ ಸಾಕು; ಆಟದ ಸಮ್ಮತಿ ಮಕ್ಕಳಿಗೂ ತಿಳಿದಂತಾಗುತ್ತದೆ.

ವಿಸ್ಮಯವೂ ಬೇಕು, ವಿವೇಚನೆಯೂ ಬೇಕು. ಒಂದನ್ನು ಉಳಿಸಲು ಇನ್ನೊಂದನ್ನು ಬಲಿಗೊಡುವ ಅಗತ್ಯವಿಲ್ಲ. ಬಾಲ್ಯದಲ್ಲಿ ತಪ್ಪಿಹೋದ ಒಂದು ಆಟದ ಸೊಗಸು ಇನ್ನೊಂದು ಸಂಜೆ ಮರಳಿ ದೊರೆಯಬಹುದು. ಆದರೆ ಕಂಡದ್ದನ್ನು ಕಂಡೆನೆಂದು ಹೇಳುವ ಧೈರ್ಯ ಒಮ್ಮೆ ಕುಗ್ಗಿತೆಂದರೆ, ದೊಡ್ಡವರಾದ ಮೇಲೆ ಎಷ್ಟು ಉಪದೇಶ ಕೇಳಿದರೂ ಅದು ಸುಲಭವಾಗಿ ಮರಳುವುದಿಲ್ಲ.