ಕುಡಿತದ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಕತಾರ್‌ನಲ್ಲಿರುವ ನಮಗೆ ಮದ್ಯದ ವಿಷಯದಲ್ಲಿ ಕಾನೂನು ಹೆಚ್ಚು ಗೊಂದಲವಿಟ್ಟಿಲ್ಲ. ಪರವಾನಗಿ ಇರುವ ಹೋಟೆಲಿನಲ್ಲಿ, ಪರ್ಮಿಟ್ ಪಡೆದವರ ಮನೆಯೊಳಗೆ ಬಿಟ್ಟರೆ ಬೇರೆಡೆ ಕುಡಿಯುವಂತಿಲ್ಲ. ಕುಡಿದು ಗಾಡಿ ಓಡಿಸುವುದಕ್ಕಂತೂ ‘ಇಷ್ಟರವರೆಗೆ ಪರವಾಗಿಲ್ಲ’ ಎಂಬ ಮಾತೇ ಇಲ್ಲ. ಹೀಗಾಗಿ ವರ್ಷವಿಡೀ ನಾವು ಶಿಸ್ತಿನ ಜನ. ಆದರೆ ರಜೆಗೆಂದು ಬೆಂಗಳೂರಿನಲ್ಲಿ ಇಳಿದ ಮೇಲೆ? ಈ ಶಿಸ್ತು ನಮ್ಮದೋ, ಇಲ್ಲಿನ ಪೊಲೀಸರದೋ?

ಊರಿನಲ್ಲಿ ಒಂದು ಅಂಕಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಅಂಕಿ ಕಂಡ ಕೂಡಲೇ ನಮ್ಮಂಥ ಇಂಜಿನಿಯರುಗಳ ತಲೆ ಲೆಕ್ಕಕ್ಕೆ ಇಳಿಯುತ್ತದೆ. ಸರಿ, ಲೆಕ್ಕ ಮಾಡಿಯೇ ನೋಡೋಣ.

ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್ಮಾರ್ಕ್ ಕಳೆದ ಶತಮಾನದ ಮೊದಲರ್ಧದಲ್ಲಿ ಕೊಟ್ಟ ಸೂತ್ರ ಸರಳವಾದದ್ದು. ಕುಡಿದ ಆಲ್ಕೋಹಾಲಿನ ತೂಕವನ್ನು ದೇಹದ ತೂಕದಿಂದ ಭಾಗಿಸಿ, ಮತ್ತೆ ಗಂಡಸರಿಗೆ ಸುಮಾರು 0.68, ಹೆಂಗಸರಿಗೆ ಸುಮಾರು 0.55 ಎಂಬ ಗುಣಕದಿಂದ ಭಾಗಿಸಬೇಕು. ಆಮೇಲೆ ಗಂಟೆಗೆ 15 ಮಿಲಿಗ್ರಾಂನಂತೆ ಕಳೆಯಬೇಕು. ನಮ್ಮೂರಿನ 60 ಮಿಲಿಲೀಟರ್ ಪೆಗ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕಿಲೋ ತೂಕದ ಗಂಡಸಿಗೆ ಅದೊಂದೇ ಪೆಗ್ಗಿಗೆ 42 ಮಿಲಿಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 66! ಮಿತಿ ಆಗಲೇ ದಾಟಿತು. ಅದೇ ಗಂಡಸು ರಾತ್ರಿ ಹತ್ತಕ್ಕೆ ನಾಲ್ಕು ಪೆಗ್ ಮುಗಿಸಿದರೆ ಅದು ಇಳಿಯಲು ಹತ್ತು ಗಂಟೆಯ ಮೇಲೆಯೇ ಬೇಕು. ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಕಾರಿಗೆ ಹತ್ತಿಸುವಾಗಲೂ ಮದ್ಯ ಮೈಯಲ್ಲೇ ಇರುತ್ತದೆ. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ ಅದು ಬೇಗ ಇಳಿಯುವುದಿಲ್ಲ.

ಇಷ್ಟಾಗಿಯೂ ಇದು ಅಂದಾಜು ಮಾತ್ರ. ಊಟ, ವಯಸ್ಸು, ಆರೋಗ್ಯ, ಮೈಕಟ್ಟು ಎಲ್ಲವೂ ಲೆಕ್ಕವನ್ನು ಏರುಪೇರು ಮಾಡುತ್ತವೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮದ್ಯ ಮೊದಲು ಮಂಕು ಮಾಡುವುದು ವಿವೇಚನೆಯನ್ನೇ. ‘ನನಗೇನೂ ಆಗಿಲ್ಲ’ ಎಂದು ತೀರ್ಪು ಕೊಡಬೇಕಾದ ತಕ್ಕಡಿಯೇ ಓಲಾಡುತ್ತಿರುವಾಗ ತೂಕ ಸರಿಯಿದ್ದೀತೇ? ಆದ್ದರಿಂದ ತೀರ್ಮಾನ ಮೊದಲ ಗುಟುಕಿಗೆ ಮುಂಚೆಯೇ ಆಗಬೇಕು.

ಮಹಾಭಾರತದ ಮೌಸಲ ಪರ್ವ ನಮಗೆಲ್ಲ ಗೊತ್ತು. ದ್ವಾರಕೆಯಲ್ಲಿ ಯಾರೂ ಮದ್ಯ ತಯಾರಿಸಕೂಡದು, ತಪ್ಪಿದರೆ ಶೂಲ ಎಂದು ಸಾರಿಸಲಾಯಿತು. ಯಾದವರು ರಾಜಭಯದಿಂದ ನಿಯಮ ಪಾಲಿಸಿದರು. ಅದೇ ಜನ ತೀರ್ಥಯಾತ್ರೆಗೆಂದು ಪ್ರಭಾಸಕ್ಷೇತ್ರಕ್ಕೆ ಹೋದಾಗ ಕುಡಿದರು, ಹಳೆಯ ಸೇಡುಗಳನ್ನು ಕೆದಕಿದರು, ಒಬ್ಬರನ್ನೊಬ್ಬರು ಕೊಂದುಕೊಂಡರು. ಶಾಪ ಇದ್ದದ್ದು ನಿಜ. ಆದರೆ ಭಯದಿಂದ ಬಂದ ಸಂಯಮ ಊರಿನ ಗಡಿಯವರೆಗೆ ಮಾತ್ರ ಎಂಬುದೂ ನಿಜ.

‘ನನ್ನ ದುಡ್ಡು, ನನ್ನ ದೇಹ, ಬೇರೆಯವರಿಗೇನು?’ ಎಂದು ಕೇಳುವವರಿದ್ದಾರೆ. ಮನೆಯ ನಾಲ್ಕು ಗೋಡೆಗಳ ನಡುವೆಯೂ ಈ ವಾದ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಮಕ್ಕಳು ನೋಡುತ್ತಿರುತ್ತಾರೆ. ರಸ್ತೆಯಲ್ಲಂತೂ ಅದು ನಿಲ್ಲುವುದೇ ಇಲ್ಲ. ಎದುರಿನಿಂದ ಬರುವ ಸ್ಕೂಟರಿನವನು ನಮ್ಮ ಪಾರ್ಟಿಗೆ ಬಂದಿರಲಿಲ್ಲ, ನಮ್ಮ ಲೆಕ್ಕಕ್ಕೆ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ.

ಕುಡಿಯುವವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಕುಡಿಯದಿರುವುದೇ ಲೇಸು, ಕುಡಿಯುವುದೇ ಆದರೆ ಆ ದಿನ ಕಾರಿನ ಬೀಗದ ಕೈ ಮುಟ್ಟುವುದು ಬೇಡ. ಆತಿಥ್ಯ ಮಾಡುವವರಿಗೂ ಒಂದು ಮಾತು: ನಮ್ಮ ಪಂಕ್ತಿಯಲ್ಲಿ ‘ಬೇಡ’ ಎಂದವರಿಗೆ ಇನ್ನೊಂದು ಹೋಳಿಗೆ ಬಡಿಸುವುದು ಉಪಚಾರ. ಗ್ಲಾಸಿನ ವಿಷಯದಲ್ಲಿ ಮಾತ್ರ ‘ಬೇಡ’ ಎಂದರೆ ಬೇಡ ಎಂದೇ ತಿಳಿಯೋಣ, ಎರಡನೇ ಸಲ ಕೇಳದಿರೋಣ.

ಮುಂದಿನ ರಜೆಯಲ್ಲಿ ವಿಮಾನ ಇಳಿಯುವಾಗ ಇಲ್ಲಿನ ಕಾನೂನು ಹಿಂದೆ ಉಳಿಯುತ್ತದೆ. ಸಂಯಮವೂ ಹಿಂದೆ ಉಳಿಯಬೇಕೇ ಎಂಬುದನ್ನು ನಾವೇ ನಿರ್ಧರಿಸಬೇಕು.