ಗುಡ್ಡ ಜರಿದ ಮೇಲೆ

ಮಳೆಗಾಲವು ಸಮೀಪಿಸಿದಾಗಲೆಲ್ಲಾ ನಮ್ಮ ಸಭೆಗಳಲ್ಲಿ ಒಂದು ಪ್ರಶ್ನೆಯು ತಲೆಯೆತ್ತುತ್ತದೆ. ಒಂದು ಊರಿನ ಮೇಲೆ ಗುಡ್ಡವು ಜರಿದು ಬಿದ್ದರೆ ಅದು ಆ ಊರವರ ಪಾಪದ ಫಲವೋ? ಹಾಗಿದ್ದರೆ ಅವರಿಗೆ ನೆರವಾಗುವದು ದೇವರ ಶಿಕ್ಷೆಗೆ ಅಡ್ಡ ಬಂದಂತಲ್ಲವೋ? ಈ ಮಾತನ್ನು ನಾವು ಬಾಯಿಬಿಟ್ಟು ಆಡದಿದ್ದರೂ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿರುತ್ತೇವೆ. ಆದದರಿಂದ ಅದನ್ನು ಬೆಳಕಿಗೆ ತಂದು ನೋಡುವದು ಒಳ್ಳೇದು.

2018ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕೊಡಗು ಸೀಮೆಯ ಮಡಿಕೇರಿ ಪಟ್ಟಣದ ಸುತ್ತುಮುತ್ತ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಸ್ಥಳಗಳಲ್ಲಿ ಗುಡ್ಡಗಳು ಕೆಸರಾಗಿ ಇಳಿದವು. ಕಾಫಿ ತೋಟಗಳೂ ಗದ್ದೆಗಳೂ ಮನೆಗಳೂ ಅದರಡಿಯಲ್ಲಿ ಹೂತುಹೋದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಮುಚ್ಚಿಹೋಯಿತು. ಸಾವಿರಾರು ಜನರು ಮನೆಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. 2020ನೆಯ ಇಸವಿಯ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವು ಕುಸಿದು ಅಲ್ಲಿಯ ಅರ್ಚಕರ ಮನೆಯವರು ಮಣ್ಣುಪಾಲಾದರು. ಆ ಸುದ್ದಿ ಬಂದಾಗ ನಮ್ಮವನೊಬ್ಬನು, ಅದು ಅನ್ಯರ ಕ್ಷೇತ್ರವಲ್ಲವೋ, ಇದೊಂದು ಗುರುತೇ ಸರಿ ಎಂದನು. ಅದನ್ನು ಕೇಳಿ ನಾವು ನಾಚಿಕೊಂಡೆವು. ಬರುವ ಮಳೆಗೆ ನಮ್ಮ ಪ್ರಾರ್ಥನಾಲಯದ ಗೋಡೆಯೇ ಬಿದ್ದರೆ ಅವನು ಏನನ್ನುವನು?

ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತ ಸಂಗತಿಯನ್ನು ಲೂಕನು ತನ್ನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಸತ್ತವರು ಮಿಕ್ಕ ಯೆರೂಸಲೇಮಿನವರಿಗಿಂತ ಹೆಚ್ಚಿನ ಅಪರಾಧಿಗಳೆಂಬ ಎಣಿಕೆಯನ್ನು ಕರ್ತನು ಒಪ್ಪಲಿಲ್ಲ. ಬದುಕಿ ಉಳಿದು ಕೇಳುತ್ತಿದ್ದವರ ಕಡೆಗೇ ಮಾತನ್ನು ತಿರುಗಿಸಿದನು. ನಾವೂ ಅಲ್ಲಿಂದಲೇ ಆರಂಭಿಸತಕ್ಕದ್ದು.

ಗುಡ್ಡವು ಯಾಕೆ ಜರಿಯುತ್ತದೆ? ಕಡಿದಾದ ಇಳಿಜಾರಿನ ದಪ್ಪ ಮಣ್ಣು ದಿನಗಟ್ಟಳೆ ಮಳೆ ಕುಡಿದು ಭಾರವಾಗುತ್ತದೆ. ಕಣಕ್ಕೆ ಕಣದ ಹಿಡಿತವು ತಪ್ಪುತ್ತದೆ. ಕೆಳಗೆ ಬುಡವನ್ನು ರಸ್ತೆಗೋಸ್ಕರವೋ ಮನೆಗೋಸ್ಕರವೋ ನೆಟ್ಟಗೆ ಕಡಿದು, ನೀರು ಹರಿಯುವ ತೋಡನ್ನು ಮುಚ್ಚಿಬಿಟ್ಟಿದ್ದರೆ ಅದಕ್ಕೆ ಆಧಾರವೇ ಇಲ್ಲದಾಗುತ್ತದೆ. ಕೊಡಗಿನಲ್ಲಿ ಇಳಿಜಾರುಗಳನ್ನು ಹೀಗೆ ಕಡಿದದ್ದು ಅನಾಹುತಕ್ಕೆ ಒಂದು ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ತಿಳಿಸಿದರು. ಪಾಪವೆಂಬ ಮಾತನ್ನು ಇಲ್ಲಿ ಆಡಲೇಬೇಕಾದರೆ ಅದು ಈ ಕಡಿತದಲ್ಲಿದೆ. ಆದರೆ ಕಡಿದವನು ಒಬ್ಬನು, ಅದರಡಿಯಲ್ಲಿ ಸತ್ತವನು ಅನೇಕ ಸಾರಿ ಮತ್ತೊಬ್ಬನು. ಮಾಳಿಗೆಗೆ ಕೈಪಿಡಿಗೋಡೆ ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತವು ಮನೆಯ ಯಜಮಾನನ ಮೇಲಿರುವದೆಂದು ಮೋಶೆಯ ಧರ್ಮಶಾಸ್ತ್ರವು ಹೇಳಿತು. ಬಿದ್ದವನ ಪಾಪವನ್ನು ಅದು ವಿಚಾರಿಸಲಿಲ್ಲ.

ದೇವರು ಕಾಪಾಡುವನು, ನಾವು ಏಳುವದಿಲ್ಲ ಎಂದು ಬಿರುಕುಬಿಟ್ಟ ಗುಡ್ಡದ ಕೆಳಗೆ ಮಲಗುವವರೂ ಇದ್ದಾರೆ. ದೇವಾಲಯದ ಶಿಖರದಿಂದ ದುಮುಕೆಂದು ಸೈತಾನನು ಕರ್ತನಿಗೆ ಹೇಳಿದ್ದು ಇಂಥ ನಂಬಿಕೆಯನ್ನೇ. ನೆಲದಲ್ಲಿ ಬಿರುಕು ಕಂಡರೆ, ಮರಗಳು ವಾಲಿದರೆ, ತಿಳಿಯಾಗಿದ್ದ ಒರತೆಯು ಕೆಂಪಾಗಿ ಹರಿದರೆ, ಅದೇ ರಾತ್ರಿ ಮಕ್ಕಳನ್ನು ಕರಕೊಂಡು ಹೊರಡತಕ್ಕದ್ದು. ಹಾಗೆ ಹೊರಡುವವನು ಅವಿಶ್ವಾಸಿಯಲ್ಲ. ಆದರೆ ಐದು ಸೆಂಟ್ಸ್ ಜಾಗ ಬಿಟ್ಟು ಮತ್ತೇನೂ ಇಲ್ಲದವನಿಗೆ ಎದ್ದುಹೋಗು ಎನ್ನುವದು ನಮಗೆ ಸುಲಭ. ಎಲ್ಲಿಗೆ ಎಂದು ಅವನು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ಕೊಡಗಿನಲ್ಲಿ ಮನೆ ಕಳಕೊಂಡವರಿಗೆ ಜಂಬೂರು, ಮದೆನಾಡುಗಳಲ್ಲಿ ಹೊಸ ಮನೆಗಳು ಕೈಸೇರಿದ್ದು 2020ರಲ್ಲಿ. ನಡುವೆ ಒಂದು ಮಳೆಗಾಲವು ಪೂರ್ತಿಯಾಗಿ ಕಳೆದು ಮತ್ತೊಂದು ಬಂದಿತ್ತು. ತೋಟದ ಲೈನ್ ಮನೆಗಳಲ್ಲಿದ್ದ ಕೂಲಿಯವನ ಗತಿಯು ಇನ್ನೂ ಕಷ್ಟದ್ದು, ಯಾಕಂದರೆ ಹಕ್ಕುಪತ್ರವಿಲ್ಲದವನು ತನ್ನ ನಷ್ಟವನ್ನು ಯಾವ ಕಾಗದದಿಂದ ತೋರಿಸ್ಯಾನು? ಮೊದಲ ವಾರದಲ್ಲಿ ಹಳೇ ಬಟ್ಟೆಯ ಗಂಟು ಕಳುಹಿಸಿ ಕೈತೊಳಕೊಳ್ಳುವವರು ಇದನ್ನು ಯೋಚಿಸಲಿ.

ಅಂತಿಯೋಕ್ಯದ ಸಭೆಯವರು ಬರಲಿರುವ ಬರಗಾಲದ ವಿಷಯವನ್ನು ಅಗಬನಿಂದ ಕೇಳಿ, ತಮ್ಮ ತಮ್ಮ ಶಕ್ತಿಗನುಸಾರ ಹಣ ಕೂಡಿಸಿ ಯೂದಾಯಕ್ಕೆ ಕಳುಹಿಸಿದರು. ಪೌಲನಾದರೋ ಅಂಥ ಹಣವನ್ನು ತಾನೊಬ್ಬನೇ ಒಯ್ಯದೆ, ಯಾರೂ ತಪ್ಪು ಹೊರಿಸದಂತೆ ಸಭೆಗಳು ನೇಮಿಸಿದವರನ್ನು ಜೊತೆಗೆ ಕರಕೊಂಡನು. ಅಪೊಸ್ತಲನಿಗೇ ಈ ಜಾಗ್ರತೆ ಬೇಕಾಗಿದ್ದರೆ ನಮ್ಮ ಹಿರಿಯರಿಗೆ ಬೇಡವೋ?

ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ನೆರೆ ಬಂದ ಒಂದು ವರುಷ ಸಭೆಯ ಹೆಸರಿನಲ್ಲಿ ಅಕ್ಕಿ ಹಂಚುವದಕ್ಕೆ ಪಟ್ಟಿ ಬರೆದವರಲ್ಲಿ ನಾವೂ ಇದ್ದೆವು. ಮೊದಲು ಸಭೆಯವರು, ಅನಂತರ ಅವರ ನಂಟರು, ಕೊನೆಗೆ ಊರವರು ಎಂದು ಬರೆದೆವು. ನಂಟರಲ್ಲಿ ಕೆಲವರ ಹೊಸಲಿಗೂ ನೀರು ಮುಟ್ಟಿರಲಿಲ್ಲ. ಮಣ್ಣಿನ ಗೋಡೆ ಕರಗಿಹೋಗಿದ್ದ ಒಬ್ಬ ವಿಧವೆಯು, ಅನ್ಯಮತದವಳು, ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಮಧ್ಯಾಹ್ನದ ವರೆಗೂ ನಿಂತಿದ್ದಳು. ಅವಳ ಸರದಿ ಬಂದಾಗ ಚೀಲವು ಬರಿದಾಗಿತ್ತು. ಅವಳು ಒಂದು ಮಾತನ್ನೂ ಆಡದೆ ಹೊರಟುಹೋದಳು. ಆ ಸಾಯಂಕಾಲದ ಪ್ರಾರ್ಥನೆಯನ್ನು ನಡಿಸುವದಕ್ಕೆ ನಮಗೆ ಬಾಯಿ ಬರಲಿಲ್ಲ. ಮರುದಿನ ಅವಳ ಮನೆಗೆ ಅಕ್ಕಿ ಹೊತ್ತುಕೊಂಡು ಹೋದೆವು. ಅವಳು ತೆಗೆದುಕೊಂಡಳು, ಆದರೆ ಒಳಗೆ ಬನ್ನಿರೆಂದು ಕರೆಯಲಿಲ್ಲ. ಅಂದಿನಿಂದ ಆ ಸಭೆಯಲ್ಲಿ ಪಟ್ಟಿಯನ್ನು ಹಂಚುವ ಮುಂಚೆ ಜಗಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಓದುವ ಇಬ್ಬರಲ್ಲಿ ಒಬ್ಬನು ನಮ್ಮ ಸಭೆಯವನಲ್ಲ.